ಕಮಟು ಎಣ್ಣೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಹೋಟೆಲಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಸಿಟ್ಟು ಇರುವುದು ನಿಜ, ಮೂಗು ಮಾತ್ರ ಸತ್ತು ಐದು ತಿಂಗಳಾಗಿತ್ತು. ಹಾಳಾದ್ದೊಂದು ಜ್ವರ ಬಂತು, ಹೋಗುವಾಗ ವಾಸನೆ, ರುಚಿ ಎರಡನ್ನೂ ಗಂಟು ಕಟ್ಟಿಕೊಂಡು ಹೋಯಿತು. ಉಪ್ಪು, ಹುಳಿ ನಾಲಿಗೆಗೆ ಚುರುಕ್ ಅನ್ನುತ್ತಿದ್ದವು. ಮಿಕ್ಕಿದ್ದೆಲ್ಲ ಮಣ್ಣು.

ಇದನ್ನು ನಾನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಹದಿನಾಲ್ಕು ವರ್ಷದಿಂದ ಸಲಾಡ್ ಮೇಜು ನನ್ನದು. ಮೂಗು ಸತ್ತವಳನ್ನು ಯಜಮಾನಿ ಆ ಮೇಜಿನ ಮುಂದೆ ಒಂದು ಗಂಟೆಯೂ ನಿಲ್ಲಿಸುವವಳಲ್ಲ. ಆ ಮೇಜು ಹೋದರೆ ಈ ಅಡುಗೆಮನೆಯಲ್ಲಿ ನಾನು ಯಾರು? ಹೆದರಿಕೆ ಆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಹೀಗಾಗಿ ಆ ಐದು ತಿಂಗಳು ನನ್ನ ಹತ್ತಿರ ಯಾರೂ ನೆಟ್ಟಗೆ ಮಾತಾಡುವ ಹಾಗಿರಲಿಲ್ಲ.

ದಿನಾ ಬೆಳಿಗ್ಗೆ ಸಲಾಡಿಗೆ ಕಲಸುವ ಡ್ರೆಸ್ಸಿಂಗ್ ಮಾಡುವುದು ನನ್ನ ಮೊದಲ ಕೆಲಸ. ಮೆನುವಿನಲ್ಲಿ ಅದಕ್ಕೆ ವಿನೆಗ್ರೆಟ್ ಎಂಬ ಭಾರೀ ಹೆಸರು. ಮಾಡುವುದೇನೂ ಬ್ರಹ್ಮವಿದ್ಯೆಯಲ್ಲ. ಅಗಲ ಬಾಯಿಯ ಬಾಟಲಿಗೆ ಒಂದು ಲೋಟ ವಿನೆಗರ್. ಉಪ್ಪನ್ನು ಅದರಲ್ಲೇ ಮೊದಲು ಕರಗಿಸಬೇಕು, ಎಣ್ಣೆ ಬಿದ್ದ ಮೇಲೆ ಹಾಕಿದರೆ ಅದು ಜನ್ಮದಲ್ಲಿ ಕರಗುವುದಿಲ್ಲ. ಎಣ್ಣೆ, ಹುಳಿ ಬೇರೆಬೇರೆಯಾಗದಂತೆ ಹಿಡಿದಿಡಲು ಒಂದು ಚಮಚ ಅರೆದ ಸಾಸಿವೆ. ಒಂದು ಹನಿ ಜೇನು. ಕೊನೆಗೆ ಮೂರು ಲೋಟ ಆಲಿವ್ ಎಣ್ಣೆ. ಮುಚ್ಚಳ ಬಿಗಿದು ಕುಲುಕಿದರೆ ಮೊದಲು ಚಳಚಳ ಎನ್ನುತ್ತದೆ, ಎಲ್ಲ ಸೇರಿಕೊಂಡ ಮೇಲೆ ಸದ್ದು ದಪ್ಪವಾಗುತ್ತದೆ. ಆ ಸದ್ದನ್ನೂ ಲೋಟದ ಅಳತೆಯನ್ನೂ ನಂಬಿಕೊಂಡು ನಾನು ಕಾಲ ಹಾಕುತ್ತಿದ್ದೆ. ಆಮೇಲೆ ಒಂದು ಎಲೆ ಅದ್ದಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, 'ಹ್ಞೂಂ' ಎನ್ನುವುದು. ಶುದ್ಧ ನಾಟಕ.

ನನ್ನ ಪಕ್ಕದಲ್ಲಿ ನಿಂತು ತರಕಾರಿ ಹೆಚ್ಚುತ್ತಿದ್ದವಳು ನನ್ನ ನಾದಿನಿ, ಗಂಡನ ತಂಗಿ. ಅವಳನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವಳೂ ನಾನೇ. ಒಂದೇ ಮನೆ, ಒಂದೇ ಬಸ್ಸು, ಒಂದೇ ಅಡುಗೆಮನೆ. ನನ್ನ ಬಾಟಲಿಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ ಎಂದು ಅವಳಿಗೆ ಮೊದಲ ದಿನವೇ ಹೇಳಿದ್ದೆ.

ಆ ದಿನ ನಾನು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಬಂದು ನೋಡುತ್ತೇನೆ, ಈ ಮಹಾರಾಯ್ತಿ ನನ್ನ ಬಾಟಲಿ ತೆರೆದು, ಚಮಚದಲ್ಲಿ ಚಪ್ಪರಿಸಿ ನೋಡಿ, ಒಳಗೆ ಏನನ್ನೋ ಹಾಕಿ ಕುಲುಕುತ್ತಿದ್ದಾಳೆ! ನನಗೆ ಮೈಯೆಲ್ಲ ಉರಿದುಹೋಯಿತು.

"ಏಯ್! ಇಡೇ ಕೆಳಗೆ!"

ಅವಳು ಬೆಚ್ಚಿಬಿದ್ದಳು. "ಅತ್ತಿಗೆ, ಸ್ವಲ್ಪ ಜೇನು ಕಮ್ಮಿ ಇತ್ತು ಅಂತ..."

"ಕಮ್ಮಿ ಇತ್ತಾ? ನೀನು ಯಾವಾಗಿಂದ ನನಗೆ ಪಾಠ ಹೇಳೋಳಾದೆ? ಎಷ್ಟು ದಿನದಿಂದ ನಡೀತಿದೆ ಈ ಕಳ್ಳಾಟ?"

ಅವಳು ತಲೆ ತಗ್ಗಿಸಿ ನಿಂತಳು. ಬಹಳ ದಿನದಿಂದ ಎಂದು ಅಲ್ಲಿಗೇ ಗೊತ್ತಾಯಿತು. ನಾನು ಇಡೀ ಬಾಟಲಿಯನ್ನು ಅವಳ ಕಣ್ಣೆದುರೇ ಸಿಂಕಿಗೆ ಸುರಿದೆ. ಬೇರೆ ಮಾಡಲು ಎಣ್ಣೆ ಬೇಕಲ್ಲ, ದಡದಡ ಉಗ್ರಾಣಕ್ಕೆ ಹೋದೆ. ಅಲ್ಲಿ ಮೈದಾ ಮೂಟೆಯ ಹಿಂದೆ ಏನು? ಮುಚ್ಚಳ ತೆಗೆದಿದ್ದ ಒಂದು ಎಣ್ಣೆ ಡಬ್ಬ, ಹತ್ತಿರ ಹತ್ತಿರ ತುಂಬಿದೆ! ಬಚ್ಚಿಟ್ಟಿದ್ದಾಳೆ! ನನ್ನ ಬೆನ್ನ ಹಿಂದೆ ತಾನೇ ಒಂದು ಬಾಟಲಿ ಮಾಡಿ, ಯಜಮಾನಿಗೆ ರುಚಿ ತೋರಿಸಿ, ನನ್ನ ಮೇಜಿಗೇ ಕಣ್ಣು ಹಾಕಿದ್ದಾಳೆ. ನನಗೆ ಬೇರೆ ಏನೂ ಹೊಳೆಯಲಿಲ್ಲ.

ಡಬ್ಬವನ್ನು ತಂದು ಮೇಜಿನ ಮೇಲೆ ಕುಕ್ಕಿದೆ. "ಇದೇನೇ ಇದು?"

"ಅತ್ತಿಗೆ, ಅದು ಬೇಡ. ಅದನ್ನ ಅಂಗಡಿಯವನಿಗೆ ವಾಪಸ್ ಕೊಡೋಣ ಅಂತ ಇಟ್ಟಿದ್ದೆ."

"ಯಾಕೆ? ಏನಾಗಿದೆ ಇದಕ್ಕೆ?"

ಅವಳು ಸುತ್ತ ನೋಡಿದಳು. ಒಲೆಯ ಹತ್ತಿರದವರು, ಪಾತ್ರೆ ತೊಳೆಯುವವರು, ತಟ್ಟೆ ಒಯ್ಯಲು ಬಂದಿದ್ದ ಉದ್ದಣ್ಣ, ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಅವಳು ದನಿ ತಗ್ಗಿಸಿ, "ಒಂದ್ಸಲ ಮೂಸಿ ನೋಡಿ ಅತ್ತಿಗೆ," ಎಂದಳು.

ಮೂಸಿ ನೋಡಬೇಕಂತೆ! ಇವಳಿಗೆ ಗೊತ್ತಿದೆಯೋ, ಸುಮ್ಮನೆ ಅಂದಳೋ? ಹಿಂದೆ ಸರಿದರೆ ಎಲ್ಲರ ಮುಂದೆ ಸಿಕ್ಕಿಬೀಳುತ್ತೇನೆ. ಡಬ್ಬದ ಬಾಯಿಗೆ ಮೂಗಿಟ್ಟು ಎಲ್ಲರಿಗೂ ಕೇಳಿಸುವ ಹಾಗೆ ಉಸಿರೆಳೆದೆ.

"ಘಮಘಮ ಅಂತಿದೆ! ಇಂಥ ಎಣ್ಣೆ ವಾಪಸ್ ಕಳಿಸ್ತಾಳಂತೆ, ಬಂದುಬಿಟ್ಟಳು ದೊಡ್ಡ ಮನುಷ್ಯಳು! ಹೋಗು, ಹಿಂದೆ ಕೂತು ಈರುಳ್ಳಿ ಸುಲಿ. ಈ ಮೇಜಿನ ಹತ್ತಿರ ಕಾಲಿಟ್ಟರೆ ನೋಡು ಮತ್ತೆ!"

ಅವಳ ಮುಖ ಸಣ್ಣಗಾಯಿತು. ಈರುಳ್ಳಿ ಬುಟ್ಟಿ ಎತ್ತಿಕೊಂಡು ಹಿಂದಕ್ಕೆ ಹೋದಳು. ನಾನು ಅದೇ ಎಣ್ಣೆ ಅಳೆದು ಹಾಕಿ, ತೋಳು ಬಿದ್ದುಹೋಗುವ ಹಾಗೆ ಕುಲುಕಿದೆ. ಸದ್ದು ದಪ್ಪವಾಯಿತು. ಎಲೆ ಅದ್ದಿ ತಿಂದು, 'ಹ್ಞೂಂ' ಎಂದೆ. ಮಧ್ಯಾಹ್ನ ಉದ್ದಣ್ಣ ಆರು ತಟ್ಟೆ ಎತ್ತಿಕೊಂಡು ಹೋದ.

ಐದು ನಿಮಿಷವೂ ಆಗಿರಲಿಲ್ಲ, ಆರೂ ತಟ್ಟೆ ವಾಪಸ್ ಬಂದವು. ಅವುಗಳ ಹಿಂದೆ ಯಜಮಾನಿ. ಬೆಳಿಗ್ಗೆ ಅವಳು ಹೊರಗೆ ಹೋಗಿದ್ದಳು, ನಮ್ಮ ಜಗಳ ಅವಳ ಕಿವಿಗೆ ಬಿದ್ದಿರಲಿಲ್ಲ. ಒಂದು ಎಲೆ ಬಾಯಿಗಿಟ್ಟುಕೊಂಡವಳು ಅಲ್ಲೇ ಉಗಿದಳು.

"ಥೂ! ಬಾಗಿಲ ಕೀಲಿಗೆ ಬಿಡೋ ಎಣ್ಣೆ ಥರ ಇದೆ. ಕಮಟು ನಾರ್ತಿದೆ, ಅಡುಗೆಮನೆಯೆಲ್ಲ ನಾರ್ತಿದೆ! ಇದನ್ನ ಮೂಗಿರೋರು ಯಾರಾದ್ರೂ ತಟ್ಟೆಗೆ ಹಾಕ್ತಾರಾ? ಯಾರು ಮಾಡಿದ್ದು?"

ಉದ್ದಣ್ಣ ನನ್ನನ್ನೇ ನೋಡಿದ. ಅಷ್ಟರಲ್ಲಿ ಹಿಂದಿನಿಂದ ಈರುಳ್ಳಿ ಕೈಯಲ್ಲೇ ನಾದಿನಿ ಬಂದಳು.

"ನಾನು ಮಾಡಿದ್ದು ಮೇಡಂ. ಹಳೇ ಡಬ್ಬ ಅಂತ ನೋಡ್ಲಿಲ್ಲ."

"ಏಪ್ರನ್ ಬಿಚ್ಚಿಡು. ನಾಳೆಯಿಂದ ಬರಬೇಡ."

ಅವಳು ಬೆನ್ನ ಹಿಂದೆ ಕೈ ಹಾಕಿ ಗಂಟು ಬಿಚ್ಚತೊಡಗಿದಳು. ಮುಚ್ಚಿಡುವುದೇಕೆ, ಒಂದು ಗಳಿಗೆ ನಾನು ಸುಮ್ಮನೆ ನಿಂತೆ. ಮೇಜು ಉಳಿಯಿತು ಎಂದು ಉಸಿರು ಕೂಡ ಬಿಟ್ಟೆ. ಆಮೇಲೆ ನನ್ನ ಮೇಲೆ ನನಗೇ ಎಂಥ ಹೇಸಿಗೆಯಾಯಿತೆಂದರೆ, ಕೈಯಲ್ಲಿದ್ದ ಚಮಚ ಎಸೆದೆ.

"ಸುಳ್ಳು ಹೇಳ್ತಿದ್ದಾಳೆ! ನಾನು ಮಾಡಿದ್ದು. ಇವಳು ಬೇಡ ಬೇಡ ಅಂದ್ರೂ ಮಾಡಿದ್ದು. ನನ್ನ ಮೂಗು ಸತ್ತು ಐದು ತಿಂಗಳಾಯ್ತು. ಸಾಕಾ?"

ಯಜಮಾನಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಈ ಮೇಜು ಈಗಿಂದಲೇ ಇವಳದು," ಎಂದು ನಾದಿನಿಯತ್ತ ಕೈ ತೋರಿಸಿದಳು. "ನೀನು ತರಕಾರಿ ಹೆಚ್ಚು. ಬೇಗ ಬೇರೆ ಮಾಡಿ, ಹೊರಗೆ ಜನ ಕಾಯ್ತಿದ್ದಾರೆ."

ಅವಳು ಅತ್ತ ಹೋದದ್ದೇ ತಡ, ನಾನು ನಾದಿನಿಯ ಮೇಲೆ ಹರಿಹಾಯ್ದೆ. "ನಿನಗೆ ಗೊತ್ತಿತ್ತು! ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ! ಯಾವಾಗಿಂದ ಗೊತ್ತು?"

ನಾನು ಅವಳಿಗೆ ಸಿಟ್ಟು ಬಂದದ್ದನ್ನು ಅದುವರೆಗೆ ನೋಡಿರಲಿಲ್ಲ. ಆಗ ನೋಡಿದೆ.

"ಮೊದಲನೇ ವಾರದಿಂದ. ನೀವು ಜ್ವರದಿಂದ ಎದ್ದಿದ್ರಲ್ಲ, ಆವಾಗ ಗಂಜಿ ಮಾಡಿದ್ದೆ. ತಳ ಹತ್ತಿ ಕರಕಲಾಗಿತ್ತು. ಚೆಲ್ಲಿ ಬೇರೆ ಮಾಡೋಣ ಅನ್ನೋಷ್ಟರಲ್ಲಿ ನೀವೇ ಬಡಿಸ್ಕೊಂಡು ತಿಂದ್ರಿ. ತಿಂದು, ಚೆನ್ನಾಗಿದೆ ಅಂದ್ರಿ."

"ಅದಕ್ಕೇನೀಗ?"

"ಅದಕ್ಕೇನಾ? ಹನ್ನೊಂದು ವರ್ಷ ನಿಮಗೆ ಅಡುಗೆ ಮಾಡಿ ಹಾಕಿದೀನಿ ಅತ್ತಿಗೆ. ಆ ಒಂದು ಮಾತಿಗೆ ಎಷ್ಟು ಕಾದಿದ್ದೆ ಗೊತ್ತಾ? ಬಂದಿದ್ದು ಸುಟ್ಟ ಗಂಜಿಗೆ!"

ಉಪ್ಪು ಕಮ್ಮಿ, ಖಾರ ಜಾಸ್ತಿ, ಬೆಂದಿಲ್ಲ, ಕರಗಿಹೋಗಿದೆ ಎಂದು ಕೊಂಕು ತೆಗೆಯದೆ ನಾನು ತಟ್ಟೆಯ ಮುಂದಿನಿಂದ ಎದ್ದ ದಿನವಿಲ್ಲ. ಚೆನ್ನಾಗಿರುತ್ತಿತ್ತು. ಎಷ್ಟೋ ಸಲ ಬಹಳ ಚೆನ್ನಾಗಿರುತ್ತಿತ್ತು. ಹೇಳಿದರೆ ಅಟ್ಟಕ್ಕೇರುತ್ತಾಳೆ ಎಂದು ಹೇಳಿರಲಿಲ್ಲ, ಅಷ್ಟೇ. ಎಂಥ ಹಾಳು ಜಂಬ ನನ್ನದು.

ಅವಳು ಕಣ್ಣೊರೆಸಿಕೊಂಡು ಹೊಸ ಡಬ್ಬ ತಂದಳು. ಮೂಸಿದಳು. ಅಳೆದಳು, ಕುಲುಕಿದಳು. ನಾನು ಪಕ್ಕದಲ್ಲಿ ಚಾಕು ಹಿಡಿದು ಸೌತೆಕಾಯಿ ಹೆಚ್ಚುತ್ತ ನಿಂತಿದ್ದೆ. ಚೆನ್ನಾಗಿದೆ ಎಂಬ ಆ ಒಂದು ಮಾತನ್ನು ಈಗಲಾದರೂ ಅಂದುಬಿಡೋಣ ಎನಿಸಿತು. ಆದರೆ ಇನ್ನು ನನ್ನ ಬಾಯಿಂದ ಬಂದ ಆ ಮಾತಿಗೆ ಏನು ಬೆಲೆ?

ಅವಳು ಚಮಚದಲ್ಲಿ ತಾನೇ ರುಚಿ ನೋಡಿದಳು. ಬಾಟಲಿ ಕೆಳಗಿಟ್ಟು, ತಟ್ಟೆಗಳಿಗೆ ಹಾಕಿ, ಉದ್ದಣ್ಣನ ಕೈಗೆ ಕೊಟ್ಟಳು. ಹೇಗಿದೆ ಎಂದು ನನ್ನನ್ನು ಕೇಳಲಿಲ್ಲ.