ಅಡುಗೆಯವನ ಅನಿಸಿಕೆ

ಮೈಕು ಮೂರನೇ ಸಾಲಿಗೆ ಬರುವಷ್ಟರಲ್ಲಿ ಪ್ರವಾಸದ ಬಸ್ಸು ಹೊನ್ನಾಳಿ ದಾಟಿತ್ತು. ಹಿಂದಿನ ಸೀಟಿನಲ್ಲಿ ಪಾತ್ರೆಗಳ ನಡುವೆ ಕೂತಿದ್ದ ಶಬ್ಬೀರ್, ಅನ್ನದ ಬೋಗುಣಿ ಉರುಳದಂತೆ ಕಾಲಿನಿಂದ ಒತ್ತಿ ಹಿಡಿದು ಕಿಟಕಿಯಾಚೆ ನೋಡುತ್ತಿದ್ದ. ಹರಿಹರ ಹತ್ತಿರವಾಗುತ್ತಿತ್ತು. ಹರಿಹರದಲ್ಲಿ ಬಸ್ಸು ನಿಲ್ಲಿಸುವುದಿಲ್ಲ ಎಂದು ಟೂರಿನ ಮಾಲೀಕ ಕುಬೇರಪ್ಪ ಹೊರಡುವಾಗಲೇ ಅವನಿಗೆ ಮಾತು ಕೊಟ್ಟಿದ್ದ. ಆ ಮಾತು ಬೆಳಿಗ್ಗೆ ಶಿವಮೊಗ್ಗದಲ್ಲಿ ಕಾಫಿ ಕುಡಿಯುವಾಗಲೇ ಮುರಿದುಬಿದ್ದಿತ್ತು.

"ದೇಶ ಎಲ್ಲಾ ಸುತ್ತಿ ಬಂದು ಮನಿ ಬಾಗ್ಲಾಗಿನ ದೇವ್ರಿಗೆ ಕೈ ಮುಗೀದೆ ಹೋದ್ರೆ ಹೆಂಗೆ? ಹರಿಹರೇಶ್ವರನ ಗುಡಿ ಹತ್ರ ನಿಲ್ಸಪ್ಪಾ" ಎಂದು ದಾವಣಗೆರೆಯ ಅಜ್ಜಿ ಗುರುಶಾಂತಮ್ಮ ಹಟ ಹಿಡಿದಿದ್ದಳು. ಇಡೀ ಬಸ್ಸು ಹ್ಞೂಂಗುಟ್ಟಿತ್ತು.

ಆ ಗುಡಿಯ ಹಿಂದಿನ ಓಣಿಯಲ್ಲೇ ಶಬ್ಬೀರ್ ಹುಟ್ಟಿ ಬೆಳೆದದ್ದು. ಅಲ್ಲಿ ಅವನನ್ನು ಗುರುತಿಸದ ನಾಯಿಯೂ ಇರಲಿಲ್ಲ. ಆದರೆ ಈ ಬಸ್ಸಿನಲ್ಲಿ ಅವನ ಹೆಸರು ಶಿವು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ದಾವಣಗೆರೆಯ ಒಂದು ಖಾನಾವಳಿಯಲ್ಲಿ ತಟ್ಟೆ ತೊಳೆಯುತ್ತ ತೊಳೆಯುತ್ತ ಒಲೆಯ ಮುಂದೆ ನಿಂತಿದ್ದ. ಕುಬೇರಪ್ಪನ ಅಡುಗೆಭಟ್ಟ ಹೊರಡುವ ಹಿಂದಿನ ದಿನ ಕಾಮಾಲೆ ಎಂದು ಮಲಗಿಬಿಟ್ಟಾಗ, ಕುಬೇರಪ್ಪನೇ ಖಾನಾವಳಿಯ ಹಿತ್ತಲಿಗೆ ಬಂದಿದ್ದ. "ನಿನ್ನ ಕೈರುಚಿ ಬೇಕು, ನಿನ್ನ ಹೆಸ್ರು ಬ್ಯಾಡ. ಶಿವು ಅಂತ ಇರ್ಲಿ. ಹಣಿಗೆ ಈಬತ್ತಿ ಹಚ್ಕೋ. ಇದೊಂದು ಟ್ರಿಪ್ಪು ದಾಟಿಸು." ಶಬ್ಬೀರ್ ಹ್ಞೂಂ ಅಂದಿದ್ದ. ಊರೂರು ನೋಡುವ ಆಸೆ. ಈಗ ಅವನಿಗೆ ಕುಬೇರಪ್ಪನಿಗಿಂತ ಹ್ಞೂಂ ಅಂದ ತನ್ನ ಬಾಯಿಯ ಮೇಲೇ ಹೆಚ್ಚು ಸಿಟ್ಟು. ಹೈದರಾಬಾದಿನಲ್ಲಿ ಅಜಾನ್ ಕೇಳಿದಾಗ ಈರುಳ್ಳಿ ಹೆಚ್ಚುತ್ತ ತಲೆ ತಗ್ಗಿಸಿದ್ದು, ದಿನಾ ಬೆಳಿಗ್ಗೆ ಗುರುಶಾಂತಮ್ಮ ತನ್ನ ಕೈಯಾರೆ ಹಣೆಗೆ ವಿಭೂತಿ ಎಳೆಯುವಾಗ ಕಣ್ಣು ಮುಚ್ಚಿಕೊಂಡದ್ದು, ಎಲ್ಲ ನೆನಪಾಗುತ್ತಿತ್ತು.

ಪ್ರವಾಸದ ಕೊನೆಯ ದಿನ ಎಲ್ಲರೂ ಮೈಕಿನಲ್ಲಿ ಅನಿಸಿಕೆ ಹೇಳಬೇಕು. ಅದು ಕುಬೇರಪ್ಪನ ಪದ್ಧತಿ. ಮಂಡಿ ವ್ಯಾಪಾರಿ ಕರಿಬಸವರಾಜ ಗಂಟಲು ಸರಿಮಾಡಿಕೊಂಡ.

"ಹೈದ್ರಾಬಾದಿನ ಮ್ಯೂಜಿಯಂ ನೋಡ್ರಿ, ಒಬ್ಬನೇ ಮನುಷ್ಯ ಕೂಡಿಸಿಟ್ಟ ಸಾಮಾನಂತೆ! ಗಡಿಯಾರ, ಕತ್ತಿ, ಪಿಂಗಾಣಿ... ನಾನೊಂದು ಹಳೇ ತಕ್ಕಡಿ ಇಟ್ಕಂಡ್ರೆ ನಮ್ಮಾಕಿ ಗುಜರಿಗೆ ಹಾಕ್ರಿ ಅಂತಾಳೆ."

"ಆ ನವಾಬ ಧೂಳು ಒರ್ಸಾಕೆ ಆಳು ಇಟ್ಟಿದ್ದ. ನೀವು ನನ್ನ ಇಟ್ಟೀರಿ" ಎಂದು ಪಕ್ಕದಿಂದ ಹೆಂಡತಿ. ಬಸ್ಸು ನಕ್ಕಿತು.

ಟೀಚರ್ ವಾಣಿಶ್ರೀ ಮಲ್ಪೆಯ ದ್ವೀಪದ ಬಗ್ಗೆ ಹೇಳಿದಳು. "ಮನಿ ಇಲ್ಲ, ಮಠ ಇಲ್ಲ. ಆ ಕಲ್ಲುಗಳು ಯಾರೋ ಕಡಿದು ನಿಲ್ಸಿದಂಗೆ ಅದಾವೆ. ದೋಣಿ ವಾಪಸ್ ಬರದಿದ್ರೆ ಏನ್ಗತಿ ಅಂತ ಎದಿ ಹೊಡ್ಕಂತಿತ್ತು."

ಮೈಕು ಗುರುಶಾಂತಮ್ಮನ ಕೈಗೆ ಬಂತು. "ನಂಗೆ ಸಮುದ್ರ, ಮ್ಯೂಜಿಯಂ ಒಂದೂ ತಲಿಯಾಗೆ ಉಳೀಲಿಲ್ಲ. ರಾಮೇಶ್ವರದಾಗೆ ಜ್ವರ ಬಂದಾಗ ಶಿವು ಕುಡಿಸಿದ ಗಂಜಿ ಉಳೀತು. ಲಿಂಗ ಕಟ್ಟದವ್ರ ಮನಿಯಾಗೆ ನೀರು ಸೈತ ಮುಟ್ಟದಾಕಿ ನಾನು. ಈ ಹುಡುಗನ ಕೈಯಾಗೆ ಉಂಡು ಮೈ ತುಂಬ್ಕಂಡು ಬಂದೀನಿ. ಮುಂದಿನ ವಾರ ದೇವರಾಜ ಅರಸು ಬಡಾವಣೆ ನಮ್ಮ ಮನಿಯಾಗೆ ಮೊಮ್ಮಗಳ ತೊಟ್ಲು ಐತೆ. ಎಲ್ರೂ ಬರ್ರಿ. ಅಡಿಗಿ ಶಿವೂಂದೇ. ಆಮ್ಯಾಲೂ ಅವನ್ನ ಬಿಡಂಗಿಲ್ಲ, ನಮ್ಮನಿಯಾಗೇ ಇಟ್ಕಂತೀನಿ."

ಚಪ್ಪಾಳೆ ಬಿತ್ತು. ಶಬ್ಬೀರ್ ಬೋಗುಣಿಯನ್ನು ಇನ್ನಷ್ಟು ಒತ್ತಿ ಹಿಡಿದ. ಸುಮ್ಮನಿದ್ದರೆ ಒಂದು ಮನೆ, ಒಂದು ಒಲೆ, ದಿನಾ ಕೆಲಸ. ಆದರೆ ಗುಡಿಯ ಮುಂದೆ ಇಳಿದ ಕ್ಷಣ ಯಾರಾದರೂ ಹೆಸರು ಹಿಡಿದು ಕೂಗುತ್ತಾರೆ. ಆಗ ತಾನು ಸಿಕ್ಕಿಬಿದ್ದ ಕಳ್ಳ.

"ಶಿವೂನೂ ಹೇಳ್ಲಿ!" ಗುರುಶಾಂತಮ್ಮನ ಮಗ ಬಸವಪ್ರಭು ಮೈಕು ಹಿಡಿದು ಹಿಂದೆ ಬಂದ. ಕುಬೇರಪ್ಪ ಸೀಟುಗಳಿಗೆ ತಾಗುತ್ತ ಅವನ ಹಿಂದೆಯೇ ಓಡಿ ಬಂದು, ಬೋಗುಣಿ ಸರಿಸುವವನಂತೆ ಬಗ್ಗಿ ಶಬ್ಬೀರ್‌ನ ಕಿವಿಯಲ್ಲಿ ಉಸುರಿದ. "ಎರಡು ಮಾತು ಹೇಳಿ ಮುಗ್ಸು. ಹರಿಹರ ಬರ್ತಿದ್ದಂಗೆ ಸೀಟಿನ ಕೆಳಗೆ ಮಲ್ಕಂಬಿಡು. ಯಾರಿಗೂ ಮುಖ ತೋರ್ಸಬ್ಯಾಡ."

ಸ್ವಂತ ಊರಲ್ಲಿ, ಸೀಟಿನ ಕೆಳಗೆ. ಶಬ್ಬೀರ್ ಮೈಕು ಇಸಿದುಕೊಂಡು ಎದ್ದು ನಿಂತ.

"ನಾನು ಮ್ಯೂಜಿಯಂ ನೋಡ್ಲಿಲ್ರಿ. ಅದರ ಹಿಂದ್ಗಡೆ ನಲ್ಲಿ ನೋಡೀನಿ. ನೀರು ಕೂದಲೆಳಿಯಂಗೆ ಬರ್ತಿತ್ತು. ನೀವು ಬ್ಯಾರೆ ಬ್ಯಾರೆ ಊರು ನೋಡಿದ್ರಿ, ನಂಗೆ ಎಲ್ಲಾ ಊರೂ ಒಂದೇ. ಡೀಸೆಲ್ಲು, ಉಚ್ಚಿ ವಾಸ್ನಿ, ಕೋಲು ಹಿಡ್ಕಂಡು ಓಡ್ಸಾಕೆ ಬರೋ ವಾಚ್‌ಮನ್ನು."

ಎಲ್ಲರೂ ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ.

"ಆ ದ್ವೀಪ ಒಂದು ನೋಡ್ದೆ. ಅಲ್ಲಿ ಒಲಿ ಹಚ್ಚಂಗಿಲ್ಲ ಅಂತ ಬುತ್ತಿ ಹೊತ್ಕಂಡು ಬಂದಿದ್ನಲ್ಲ. ನೀವೆಲ್ಲ ಫೋಟೋ ಹೊಡ್ಕಣಾಕೆ ಹೋದಾಗ ಕಲ್ಲಿನ ಹಿಂದೆ ನಿಂತು ನನ್ನ ಹೆಸ್ರು ನಾನೇ ಕೂಗ್ಕಂಡೆ. ಭಾಳ ದಿನ ಆಗಿತ್ರಿ, ಯಾರೂ ಕರೀದೆ."

"ಶಿವೂ ಅಂತ ಕೂಗಿದ್ಯೇನೋ?" ಕರಿಬಸವರಾಜ ಛೇಡಿಸಿದ.

"ಅಲ್ರಿ. ಶಬ್ಬೀರ್ ಅಂತ."

ಒಂದಿಬ್ಬರು ಅಭ್ಯಾಸಬಲದಿಂದ ನಕ್ಕು ನಡುವೆಯೇ ನಿಲ್ಲಿಸಿದರು. ಬಸ್ಸು ಊರೊಳಗೆ ತಿರುಗಿ, ಗುಡಿಯ ಬೀದಿಗೆ ಬಂದು ನಿಂತಿತು. ಯಾರೂ ಏಳಲಿಲ್ಲ. ಬಸವಪ್ರಭು ಅವನ ಕಾಲರಿಗೆ ಕೈ ಹಾಕಿ ಬಾಗಿಲ ತನಕ ಎಳೆದು, ರಸ್ತೆಗೆ ನೂಕಿದ.

"ನಮ್ಮವ್ವನ ಬಾಯಿಗೆ ಏನ್ ಹಾಕಿದ್ಯೋ, ಸೂಳೆಮಗನೆ?"

"ಅನ್ನ ಹಾಕೀನಿ. ನೀವೂ ಎರಡೆರಡು ಸಲ ಹಾಕಿಸ್ಕಂಡೀರಿ."

ಕೆನ್ನೆಗೆ ಏಟು ಬಿತ್ತು. ಶಬ್ಬೀರ್ ಮುಷ್ಟಿ ಎತ್ತಿದ. ಅಷ್ಟರಲ್ಲಿ ಕುಬೇರಪ್ಪ ನಡುವೆ ನುಗ್ಗಿ, "ನಂಗೂ ಗೊತ್ತಿರ್ಲಿಲ್ರಿ ಧಣಿ, ನನ್ನ ಮಕ್ಕಳಾಣೆ! ನಂಗೂ ಮೋಸ ಮಾಡ್ಯಾನೆ" ಎಂದು ಬಾಯಿ ಬಡಿದುಕೊಳ್ಳತೊಡಗಿದ. ಆ ಆಣೆ ಕೇಳಿ ಶಬ್ಬೀರ್ ಅವನ ಕಡೆ ತಿರುಗಿದ. ಯಾರಿಗೆ ಮೊದಲು ಹೊಡೆಯಬೇಕೆಂದು ತಿಳಿಯದೆ ಎತ್ತಿದ ಕೈ ಹಾಗೇ ನಿಂತಿತು.

ಗುರುಶಾಂತಮ್ಮ ಬಸ್ಸಿನಿಂದ ಇಳಿದಳು. ಯಾರ ಕಡೆಗೂ ನೋಡಲಿಲ್ಲ, ಗುಡಿಯ ಕಡೆಗೂ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಳೆಯ ದಾರಿ ಹಿಡಿದಳು. ಬಸವಪ್ರಭು ಈಗ ಕುಬೇರಪ್ಪನ ಎದೆಗೆ ಕೈಯಿಟ್ಟು ಕೂಗಾಡುತ್ತಿದ್ದ. ಶಬ್ಬೀರ್ ಮುದುಕಿಯ ಹಿಂದೆ ನಡೆದ. ಬೈಯಲಿ, ಉಗಿಯಲಿ, ಏನಾದರೂ ಅನ್ನಲಿ ಎಂದು.

ಹೊಳೆಯ ಮೆಟ್ಟಿಲ ತುದಿಯಲ್ಲಿ ಅವಳು ನಿಂತಳು. ಹಿಂದೆ ಹೆಜ್ಜೆ ಸಪ್ಪಳ ಕೇಳಿದರೂ ತಿರುಗಲಿಲ್ಲ.

"ದಿನಾ ನಾನೇ ಈಬತ್ತಿ ಹಚ್ತಿದ್ದೆ. ಆಗಾದ್ರೂ ಒಂದ್ಮಾತು ಹೇಳಬಾರ್ದಾಗಿತ್ತೇನೋ?"

"ಹೇಳಿದ್ರೆ ಗಂಜಿ ಕುಡೀತಿದ್ರೇನ್ರಿ, ಅಜ್ಜಿ?"

ಹೊಳೆಯಾಚೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಗುರುಶಾಂತಮ್ಮ ಕಾಲಿನ ಚಪ್ಪಲಿ ಕಳಚಿದಳು.

"ಇಲ್ಲ" ಎಂದಳು. "ಕುಡೀತಿರ್ಲಿಲ್ಲ."

ಉಟ್ಟ ಸೀರೆಯಲ್ಲೇ ಮೆಟ್ಟಿಲಿಳಿದಳು. ನೀರೊಳಗಿನ ಮೆಟ್ಟಿಲು ಪಾಚಿಗಟ್ಟಿತ್ತು. ಕಾಲಿಟ್ಟವಳು ಜೋಲಿ ಹೊಡೆದು, ನಿಂತು, ತಿರುಗಿ ನೋಡದೆಯೇ ಒಂದು ಕೈ ಹಿಂದಕ್ಕೆ ಚಾಚಿದಳು.

ಶಬ್ಬೀರ್ ಅತ್ತಿತ್ತ ನೋಡಿದ. ಮೆಟ್ಟಿಲ ಮೇಲೆ ಬೇರೆ ಯಾರೂ ಇರಲಿಲ್ಲ. ಇಳಿದು ಕೈ ಕೊಟ್ಟ. ಅವಳು ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಸೊಂಟದ ಮಟ್ಟದ ನೀರಿಗೆ ಇಳಿದಳು, ಬಾಯಲ್ಲೇ ಏನೋ ಅಂದುಕೊಳ್ಳುತ್ತ ಮುಳುಗಿದಳು, ಎದ್ದಳು, ಮತ್ತೆ ಮುಳುಗಿದಳು. ಪ್ರತಿ ಸಲವೂ ಅವನ ತೋಳು ಅವಳೊಂದಿಗೆ ನೀರಿಗೆ ಹೋಗಿ ಬರುತ್ತಿತ್ತು.