ಬಾಯಿಪಾಠ

ಸಖ್ನೀನ್‌ನಿಂದ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಎರಡು ತಾಸು. ಆ ಎರಡು ತಾಸೂ ನನ್ನ ತಮ್ಮ ಇಹಾಬ್‌ನಿಂದ ಪಾಠ ಒಪ್ಪಿಸಿಕೊಳ್ಳುತ್ತಲೇ ಬಂದೆ. ಯಹೂದಿಗಳ ದೇಶದೊಳಗಿನ ನಮ್ಮ ಅರಬರ ಊರುಗಳಲ್ಲಿ ಯಾರೇ ವಿಮಾನ ಹತ್ತಲಿ, ತಪಾಸಣೆಯವರ ಪ್ರಶ್ನೆಗಳಿಗೆ ಮೊದಲು ಮನೆಯವರ ಮುಂದೆ ಈ ತಾಲೀಮು ಆಗಲೇಬೇಕು.

"ಪೆಟ್ಟಿಗೆ ಯಾರು ಕಟ್ಟಿದ್ದು?"

"ನಾನೇ ಕಟ್ಟಿದ್ದು. ನಿನ್ನೆ ಸಂಜೆ, ನನ್ನ ಕೋಣೇಲಿ, ಬಾಗಿಲು ಹಾಕ್ಕೊಂಡು."

"ಯಾರಾದ್ರೂ ಏನಾದ್ರೂ ಕೊಟ್ರಾ?"

"ಇಲ್ಲ. ಅಮ್ಮ ಕೊಟ್ಟ ಝಾತರ್ ಸೊಪ್ಪಿನ ಪುಡಿ ಪೊಟ್ಟಣಾನೂ ಮನೇಲೇ ಬಿಟ್ಟು ಬಂದೆ. ಅಕ್ಕಾ, ಸಾಕು ಮಾರಾಯ್ತಿ! ನೂರಕ್ಕೆ ಎಷ್ಟು ಕೊಡ್ತೀಯ?"

"ಮುಚ್ಚೋ ಬಾಯಿ. ಅಲ್ಲಿ ಹೀಗೆ ಹಲ್ಲು ಕಿರಿದ್ರೆ ನಿನ್ನ ಚರ್ಮ ಸುಲೀತೀನಿ."

ನನಗೆ ನಗು ಬರುವ ಸ್ಥಿತಿ ಇರಲಿಲ್ಲ. ನಮ್ಮಿಬ್ಬರ ನಡುವಿನವಳು ಮೈಸಾ ಹಾಂಬರ್ಗ್‌ನ ಆಸ್ಪತ್ರೆಯಲ್ಲಿದ್ದಳು. ರಕ್ತದ ಕ್ಯಾನ್ಸರು. ಹೊಸ ಮೂಳೆಮಜ್ಜೆ ಹಾಕುವುದಕ್ಕೆ ಮೊದಲು ಅವಳದೇ ಮಜ್ಜೆಯನ್ನು ಔಷಧಿ ಕೊಟ್ಟು ಸುಟ್ಟುಹಾಕಿದ್ದರು. ಕೊಡುತ್ತೇನೆಂದಿದ್ದ ಜರ್ಮನ್ ಮನುಷ್ಯ ಗುರುವಾರ ಬೈಕಿನಿಂದ ಬಿದ್ದು ತಾನೇ ಹಾಸಿಗೆ ಹಿಡಿದ. ಇನ್ನು ಮಜ್ಜೆ ಹೊಂದುವವನು ಇಹಾಬ್ ಒಬ್ಬನೇ. ಸೋಮವಾರ ರಾತ್ರಿಯೊಳಗೆ ಅವನು ಈ ಆಸ್ಪತ್ರೆಯಲ್ಲಿ ಮಲಗಿರಬೇಕು, ತಡವಾದರೆ ಹುಡುಗಿ ಉಳಿಯುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ನಾವು ಹೊರಟಿದ್ದು ಭಾನುವಾರ ಬೆಳಗ್ಗೆ. ವಿಮಾನ ಮಧ್ಯಾಹ್ನ ಒಂದಕ್ಕೆ.

ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಮ್ಮ ಮುಂದೆ ಒಬ್ಬ ಯಹೂದಿ ಮುದುಕಿ ಇದ್ದಳು. ಅವಳನ್ನು ಎರಡೇ ಮಾತು ಕೇಳಿ ಬಿಟ್ಟರು. ನಮ್ಮ ಪಾಸ್‌ಪೋರ್ಟಿನ ಮೇಲೆ ಹೆಸರು ಓದಿದ ತಕ್ಷಣ ಸಮವಸ್ತ್ರದ ಹುಡುಗಿ ಪಕ್ಕಕ್ಕೆ ನಿಲ್ಲಿ ಎಂದಳು. ನಾನು ಮುಖ ಸಿಂಡರಿಸಿದ್ದನ್ನು ನೋಡಿ ಮುದುಕಿ ಹಿಂದಿರುಗಿ ಬಂದಳು.

"ಬೇಜಾರು ಮಾಡ್ಕೋಬೇಡಮ್ಮಾ. ಬಾಂಬಿಗೆ ಬಸ್ಸು ಸುಟ್ಟು ಹೋಗಿದ್ದನ್ನ ಕಣ್ಣಾರೆ ಕಂಡೋಳು ನಾನು. ಇದೆಲ್ಲ ನಮ್ಮೆಲ್ಲರ ಜೀವ ಉಳಿಯೋಕೇ."

"ಅಜ್ಜೀ, ನಾನು ಹತ್ತೋದೂ ಅದೇ ವಿಮಾನ. ಅದು ಸಿಡಿದ್ರೆ ನಾನೊಬ್ಳೇ ಮೇಲೆ ತೇಲ್ತಾ ಇರ್ತೀನಾ? ನನ್ನನ್ನೂ ತಪಾಸಣೆ ಮಾಡ್ಲಿ, ನಿಮ್ಮನ್ನೂ ಮಾಡ್ಲಿ. ನಿಮ್ಮನ್ನ್ಯಾಕೆ ಬಿಟ್ರು?"

"ಎಲ್ಲರನ್ನೂ ಜಾಲಾಡ್ತಾ ಕೂತ್ರೆ ವಿಮಾನ ಹಾರೋದು ಯಾವಾಗ?" ಎಂದು ಮುದುಕಿ ನಿಜವಾಗಿಯೇ ಕೇಳಿದಳು. ಕೆಟ್ಟವಳಲ್ಲ. ನನ್ನ ಕೈ ಒತ್ತಿ ಹೋದಳು. ಆದರೂ ಅವಳ ಮೇಲೆ ನನಗೆ ಮೈ ಉರಿಯಿತು.

ನಮ್ಮನ್ನು ಬೇರೆ ಬೇರೆ ಮಾಡಿದರು. ನನಗೊಂದು ಕಿಟಕಿಯಿಲ್ಲದ ಕೋಣೆ. ಇಹಾಬ್ ಎದುರಿನ ಬಾಗಿಲೊಳಗೆ ಹೋಗುವಾಗ ತಿರುಗಿ ಕಣ್ಣು ಮಿಟುಕಿಸಿದ. ಹುಡುಗಿ ನನ್ನನ್ನು ಅದೇ ಪ್ರಶ್ನೆಗಳನ್ನು ಕೇಳಿ, ಬರೆದುಕೊಂಡು, ಹೊರಗೆ ಹೋದಳು. ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ಗೋಡೆಯಾಚೆ ಪೆಟ್ಟಿಗೆಯ ಜಿಪ್ ಎಳೆಯುವ ಸದ್ದು, ಮತ್ತೆ ಎಳೆಯುವ ಸದ್ದು.

ಕೊನೆಗೆ ಅವಳ ಜೊತೆ ತಲೆ ನರೆತ ಒಬ್ಬ ಅಧಿಕಾರಿ ಬಂದ. ನನ್ನ ಮುಂದೆ ಎರಡು ಹಾಳೆ ಇಟ್ಟ.

"ಇದು ನೀವು ಹೇಳಿದ್ದು, ಇದು ನಿಮ್ಮ ತಮ್ಮ ಹೇಳಿದ್ದು. ಓದಿ."

ಓದಿದೆ. ಒಂದು ಅಕ್ಷರ ಆಚೀಚೆ ಇರಲಿಲ್ಲ.

"ಪೆಟ್ಟಿಗೆ ಯಾರು ಕಟ್ಟಿದ್ದು ಅಂತ ಮಾತ್ರ ಕೇಳಿದ್ದು ನಾವು," ಎಂದ ಅವನು, ಸೌಮ್ಯವಾಗಿ. "ಇಬ್ಬರೂ 'ಬಾಗಿಲು ಹಾಕ್ಕೊಂಡು' ಅಂದ್ರಿ. ಕೇಳದೇ ಇರೋ ಬಾಗಿಲು ಎಲ್ಲಿಂದ ಬಂತು, ಮೇಡಂ?"

"ನಾನೇ ಹೇಳಿಕೊಟ್ಟೆ. ಕಾರಲ್ಲಿ."

"ಯಾಕೆ?"

"ಹೆದರಿಕೆಯಿಂದ."

"ಏನು ಬಚ್ಚಿಡೋಕೆ?"

"ಅಯ್ಯೋ ದೇವರೇ, ಏನೂ ಇಲ್ಲ! ನಿಮ್ಮ ಮುಂದೆ ತೊದಲಬಾರದು ಅಂತ! ನಮ್ಮೂರಲ್ಲಿ ಎಲ್ಲರೂ ಹೀಗೇ ಮಾಡ್ತಾರೆ!"

"ಎಲ್ಲರೂ?" ಎಂದು ಕೇಳಿ ಅವನು ಅದನ್ನೂ ಬರೆದುಕೊಂಡ.

ನಾನು ಆಸ್ಪತ್ರೆಯ ಪತ್ರ ತೋರಿಸಿದೆ. ಅದರಲ್ಲಿದ್ದ ನಂಬರಿಗೆ ಅವರು ಫೋನು ಮಾಡಿದರಂತೆ. ಅಲ್ಲಿ ಭಾನುವಾರ ಕಚೇರಿ ರಜೆ, ಯಾರೂ ಎತ್ತಲಿಲ್ಲ. ಮೈಸಾಳ ನಂಬರು ಕೊಡುತ್ತೇನೆ ಎಂದರೆ, ನೀವು ಕೊಡೋ ನಂಬರು ನಮಗೆ ಲೆಕ್ಕಕ್ಕಿಲ್ಲ ಎಂದ. ಇಹಾಬ್ ಗಡಿಯಾಚೆಯ ಅರಬ್ ದೇಶದ ಅಮ್ಮಾನ್‌ನಲ್ಲಿ ನಾಲ್ಕು ವರ್ಷ ಓದಿದ್ದು, ಮದುವೆಯಾಗದ ಗಂಡಸು, ವಾಪಸು ಟಿಕೆಟ್ ಇಲ್ಲ, ಎಲ್ಲವನ್ನೂ ಅನುಮಾನದ ಕಾರಣಗಳೆಂದು ಅಧಿಕಾರಿ ಒಂದೊಂದಾಗಿ ಎಣಿಸಿದ. ಆಸ್ಪತ್ರೆ ಯಾವತ್ತು ಬಿಡುತ್ತದೋ ಗೊತ್ತಿಲ್ಲದೆ ವಾಪಸು ಟಿಕೆಟ್ ಹೇಗೆ ತಗೊಳ್ಳೋದು ಎಂದು ನಾನು ಕಿರುಚಿದೆ. ಅವನು ನನಗೆ ನೀರು ಕೊಟ್ಟ.

ಹನ್ನೆರಡೂ ಇಪ್ಪತ್ತಕ್ಕೆ ಹುಡುಗಿ ನನ್ನ ಪಾಸ್‌ಪೋರ್ಟ್ ಹಿಂದಿರುಗಿಸಿದಳು. "ನೀವು ಹೋಗಬಹುದು. ನಿಮ್ಮ ತಮ್ಮಂದು ಇನ್ನೂ ಸ್ವಲ್ಪ ಇದೆ."

"ನಾನು ಹೋಗಿ ಏನಮ್ಮಾ ಮಾಡ್ಲಿ? ಮಜ್ಜೆ ಇರೋದು ಅವನ ಮೈಯಲ್ಲಿ!"

ಅವಳ ಮುಖ ಕೆಂಪಾಯಿತು. ಒಂದು ಕ್ಷಣ ಏನೋ ಹೇಳುವವಳಂತೆ ಅಧಿಕಾರಿಯ ಕಡೆ ನೋಡಿದಳು. ಅವನು ಹಾಳೆ ಮಡಚುತ್ತಿದ್ದ.

ವಿಮಾನ ಹೋದ ಹತ್ತು ನಿಮಿಷಕ್ಕೆ ಇಹಾಬ್‌ನನ್ನು ಬಿಟ್ಟರು. ಏನೂ ಸಿಗಲಿಲ್ಲವಂತೆ, ತೊಂದರೆಗೆ ಕ್ಷಮಿಸಿ ಎಂದರಂತೆ. ಮರುದಿನ, ಸೋಮವಾರ, ಅದೇ ಹೊತ್ತಿನ ವಿಮಾನದಲ್ಲಿ ಸೀಟು ಸಿಕ್ಕಿತು. ಊರಿಗೆ ಹೋಗಿ ಬರುವ ಧೈರ್ಯವಾಗದೆ ಹತ್ತಿರದಲ್ಲೇ ಒಂದು ಕೋಣೆ ಹಿಡಿದೆವು. ಬೆಳಗ್ಗೆ ಬೂಟಿನ ದಾರ ಕಟ್ಟಿಕೊಳ್ಳುತ್ತ, ತಲೆ ಎತ್ತದೆ ಅವನು ಹೇಳಿದ.

"ಅಕ್ಕಾ, ಇವತ್ತು ನೀನು ಬರ್ಬೇಡ. ನಾನೊಬ್ನೇ ಹೋಗ್ತೀನಿ."

"ಯಾಕೋ?"

"ನೀನು ಜೊತೇಲಿದ್ರೆ ನನ್ನ ಬಾಯಿಂದ ನಿನ್ನ ಮಾತೇ ಬರುತ್ತೆ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೆ ಅವನು ಹೇಳಿದ್ದು ಸುಳ್ಳಲ್ಲ. ಹೊರಗಿನ ಗಾಜಿನ ಗೋಡೆಯ ಹತ್ತಿರ ನಿಂತು, ಅವನು ಸಾಲಿನಲ್ಲಿ ಹೋಗುವುದನ್ನು ನೋಡಿದೆ. ಇವತ್ತು ಬೇರೆ ಹುಡುಗಿ. ಪಾಸ್‌ಪೋರ್ಟ್ ನೋಡಿದಳು, ಕಂಪ್ಯೂಟರ್ ನೋಡಿದಳು, ಏನೋ ಕೇಳಿದಳು. ಇಹಾಬ್ ಉತ್ತರಿಸಲಿಲ್ಲ. ಬಾಯಿಪಾಠ ಬಿಟ್ಟು ಸ್ವಂತ ಮಾತು ಹುಡುಕುತ್ತಿದ್ದಾನೆಂದು ನನಗೆ ತಿಳಿಯಿತು. ಬಾಯಿ ತೆರೆದ, ಮುಚ್ಚಿದ, ಕುತ್ತಿಗೆ ಒರೆಸಿಕೊಂಡ.

"ಮಾತಾಡೋ," ಎಂದೆ ಗಾಜಿಗೆ. "ಏನಾದ್ರೂ ಮಾತಾಡೋ, ನಿನ್ನ ದಮ್ಮಯ್ಯ."

ಹುಡುಗಿ ಫೋನು ಎತ್ತಿಕೊಂಡಳು. ತಲೆ ನರೆತ ಅಧಿಕಾರಿ ಬಂದು ಇಹಾಬ್‌ನ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದ. ನನ್ನ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಮೈಸಾ.

"ಅಕ್ಕಾ," ಎಂದಳು, ಕೇಳಿಸದಷ್ಟು ಸಣ್ಣ ದನಿಯಲ್ಲಿ. "ಇಹಾಬ್‌ಗೆ ಹಾಸಿಗೆ ಹಾಸಿದಾರೆ. ಆಸ್ಪತ್ರೆ ಅಂಗಿ ತೆಗೆದಿಡ್ಬೇಕಂತೆ, ಎತ್ತರ ಎಷ್ಟು ಅಂತ ನರ್ಸ್ ಕೇಳ್ತಿದಾಳೆ."

"ನನಗಿಂತ ಒಂದು ಗೇಣು ಹೆಚ್ಚು ಅಂತ ಹೇಳು," ಎಂದೆ.

ಆಗ ಹನ್ನೆರಡೂ ಹತ್ತು. ವಿಮಾನದ ಬಾಗಿಲು ಹಾಕುವುದು ಹನ್ನೆರಡೂ ಮುಕ್ಕಾಲಿಗೆ.