ಏಳನೇ ಜಾಗದ ತಲೆಗಳು

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಕೈ ಹದಿನಾರು ವರ್ಷದಿಂದ ಕೆಸರಿನಲ್ಲೇ ಇದೆ, ಮೊಸರಿನ ಸುದ್ದಿಯೇ ಇಲ್ಲ. ದ್ವೀಪಗಳ ಸುತ್ತಲಿನ ಕಡಲತಳದಿಂದ ಮಣ್ಣು ಎತ್ತಿ ತರುತ್ತಾರೆ. ಅದನ್ನು ಜರಡಿ ಹಿಡಿದಾಗ ಉಳಿಯುವ ಹುಳು, ಚಿಪ್ಪು, ಪುಟಾಣಿ ಏಡಿಗಳನ್ನು ಲ್ಯಾಬಿನಲ್ಲಿ ಕೂತು ಹೆಕ್ಕಿ ಎಣಿಸುವುದು ನನ್ನ ಕೆಲಸ. ನೆಂಟರ ಬಾಯಲ್ಲಿ ನಾನು 'ಹುಳ ಎಣಿಸೋಳು'. ಅನ್ನಲಿ ಬಿಡಿ, ಅವರ ಮಕ್ಕಳೇನು ನಕ್ಷತ್ರ ಎಣಿಸುತ್ತಿಲ್ಲ.

ಎಣಿಕೆಗೆ ನಮ್ಮಲ್ಲೊಂದು ಕಟ್ಟುನಿಟ್ಟಿನ ನಿಯಮ ಇದೆ. ಹುಳು ತುಂಡಾಗಿದ್ದರೆ ತಲೆ ಮಾತ್ರ ಲೆಕ್ಕಕ್ಕೆ, ಬಾಲ ಲೆಕ್ಕಕ್ಕಿಲ್ಲ. ಒಂದೇ ಹುಳುವನ್ನು ಎರಡು ಸಲ ಎಣಿಸಬಾರದಲ್ಲ, ಅದಕ್ಕೆ.

ಆ ಸೋಮವಾರ ಏಳನೇ ಜಾಗದ ತಟ್ಟೆ ಮುಂದಿಟ್ಟುಕೊಂಡು ಸಂಜೆಯವರೆಗೆ ಎಣಿಸಿದೆ. ತಲೆ ಮೂರು. ಬಾಲ ನಾನೂರ ಹನ್ನೆರಡು.

ಅಯ್ಯೋ ದೇವರೇ ಅಂದುಕೊಂಡೆ. ಏಳನೇ ಜಾಗವೆಂದರೆ ಎರಡು ದ್ವೀಪಗಳ ನಡುವಿನ ಕಿರುಗಡಲು. ಬಂದರಿನಲ್ಲಿ ತೋಡಿದ ಹೂಳನ್ನು ಎಲ್ಲಿ ಸುರಿಯಬೇಕೆಂದು ಶುಕ್ರವಾರ ಸಮಿತಿ ತೀರ್ಮಾನಿಸುವುದಿತ್ತು. ಎಲ್ಲಿ ಜೀವ ಕಡಿಮೆಯೋ ಅಲ್ಲಿ ಸುರಿಯುತ್ತಾರೆ. ಮೂರೇ ತಲೆಯಿದ್ದರೆ ಕೇಳುವುದೇ ಬೇಡ. ನಮ್ಮ ಚಿಕ್ಕಪ್ಪ ನಲವತ್ತು ವರ್ಷದಿಂದ ಬಲೆ ಬೀಸುವುದು ಅಲ್ಲಿಯೇ. ಹೂಳು ಬಿದ್ದರೆ ಹುಳುವಿಲ್ಲ, ಹುಳುವಿಲ್ಲದಿದ್ದರೆ ಅದನ್ನು ತಿನ್ನುವ ಮೀನಿಲ್ಲ, ಮೀನಿಲ್ಲದಿದ್ದರೆ ಚಿಕ್ಕಪ್ಪನಿಗೆ ಬೇರೆ ಕಸುಬು ಗೊತ್ತಿಲ್ಲ.

ತಮಾಷೆ ಕೇಳಿ. ಲ್ಯಾಬಿಗೆ ಆ ಮಣ್ಣು ಎತ್ತಿಕೊಡುವುದೂ ಚಿಕ್ಕಪ್ಪನ ದೋಣಿಯೇ, ಜರಡಿಯಲ್ಲಿ ತೊಳೆಯುವುದೂ ಚಿಕ್ಕಪ್ಪನೇ. ಊರೆಲ್ಲ ಅವನನ್ನು ಚೊಕ್ಕಣ್ಣ ಅನ್ನುತ್ತದೆ. ಅವನ ದೋಣಿಗೆ ಹತ್ತಬೇಕಾದರೆ ಮೀನೂ ಕಾಲು ಒರೆಸಿಕೊಳ್ಳಬೇಕು. ಆರನೇ ಜಾಗದವರೆಗೆ ಬಕೆಟ್ಟು, ಚೊಂಬು ಹಿಡಿದು ತೊಳೆದವನು, ಏಳನೆಯದಕ್ಕೆ ಹೋಗುವ ದಿನ ಹೊಸ ಪಂಪು ತಂದಿದ್ದ. ಪೈಪಿನ ತುದಿಗೆ ಹಿತ್ತಾಳೆಯ ಮೂತಿ. ಅದರ ನೀರು ಬಡಿದರೆ ಗೋಡೆಯ ಬಣ್ಣವೂ ಕಿತ್ತುಬರುತ್ತದೆ. ಈ ಹುಳುಗಳೋ ಮರಳಿನ ಕೊಳವೆಯೊಳಗೆ ಮೈ ಅಡಗಿಸಿ ತಲೆ ಹೊರಗಿಟ್ಟುಕೊಂಡು ಬದುಕುವಂಥವು. ಮೂತಿಯ ನೀರಿಗೆ ತಲೆಗಳೆಲ್ಲ ಕಡಿದುಹೋಗಿ ಜರಡಿಯ ಕಣ್ಣಿನಿಂದ ಜಾರಿ ಸಮುದ್ರ ಸೇರಿದ್ದವು, ಬಾಲಗಳು ಕೊಳವೆಯಲ್ಲಿ ಉಳಿದಿದ್ದವು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಅಂದರೆ ಇದೇ.

ಲ್ಯಾಬಿನ ಮೇಡಮ್ ಬಳಿ ಹೋದೆ.

"ಮೂರು ಅಂತ ಬರೀರಿ," ಅಂದರು.

"ಮೇಡಮ್, ನಾನೂರ ಹನ್ನೆರಡು ಬಾಲ ತಾವಾಗೇ ನಡ್ಕೊಂಡು ಬಂದ್ವಾ?"

"ಬಾಲಕ್ಕೆ ಲೆಕ್ಕ ಇಲ್ಲ. ನಿಮಗೇ ಗೊತ್ತಲ್ಲ."

"ತೊಳೆದಿದ್ದು ಸರಿಯಾಗಿಲ್ಲ. ಇನ್ನೊಂದ್ಸಲ ಮಣ್ಣು ತರೋಣ."

ಕನ್ನಡಕ ತೆಗೆದು ಒರೆಸಿದರು. "ಸಮಿತಿ ಸೇರೋ ಮೊದಲು ದೋಣಿ ಹೋಗೋದು ಗುರುವಾರ ಒಂದೇ ದಿನ. ತಲೆ ತನ್ನಿ, ಎಣಿಸ್ತೀನಿ."

ಇನ್ನು ಚಿಕ್ಕಪ್ಪನಿಗೆ ಹೇಳುವವರು ಯಾರು? ದೋಣಿಯಲ್ಲಿ ಕಲೆ ಇದೆ ಅಂದ ತಪ್ಪಿಗೆ ಚಿಕ್ಕಮ್ಮನ ಜೊತೆ ಮೂರು ವಾರ ಮಾತು ಬಿಟ್ಟ ಪುಣ್ಯಾತ್ಮ. 'ನೀನು ತೊಳೆದಿದ್ದೇ ತಪ್ಪು' ಅಂದರೆ ಗುರುವಾರ ದೋಣಿಯೇ ಹೊರಡುವುದಿಲ್ಲ. ಹಾಗಾಗಿ ಬುಧವಾರ ಸಂಜೆ ಚಹಾ ಕುಡಿಯುವ ನೆಪದಲ್ಲಿ ಅವನ ಮನೆಗೆ ಹೋಗಿ, ಪಂಪಿನ ಮೂತಿ ತಿರುಗಿಸಿ ಕಳಚಿ, ಊಟದ ಡಬ್ಬಿಗೆ ಹಾಕಿಕೊಂಡು ಬಂದೆ. ನಲವತ್ತೆರಡು ವರ್ಷದ ಹೆಂಗಸು ಮಾಡುವ ಕೆಲಸವಲ್ಲ, ಒಪ್ಪುತ್ತೇನೆ. ಆದರೂ ದಾರಿಯುದ್ದಕ್ಕೂ ನಗು ತಡೆಯಲಾಗಲಿಲ್ಲ.

ಗುರುವಾರ ದೋಣಿಯಲ್ಲಿ ರಾಮಾಯಣ.

"ಎಲ್ಲೇ ಹೋಯ್ತು ನನ್ನ ಮೂತಿ!"

"ನಿನ್ನ ಮೂತಿ ಮುಖದ ಮೇಲೇ ಇದೆಯಲ್ಲ ಚಿಕ್ಕಪ್ಪ, ಊದ್ಕೊಂಡಿದೆ ಅಷ್ಟೇ."

"ಹಲ್ಲು ಕಿರೀಬೇಡ. ಯಾವನೋ ಕದ್ದಿದಾನೆ. ಸಿಗಲಿ, ಚರ್ಮ ಸುಲೀತೀನಿ."

ನನ್ನ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಸೀಟಿನ ಕೆಳಗೆ ತಳ್ಳಿದೆ, ಒಳಗೆ ಮೂತಿ ಠಣ್ ಅಂದಿತು. ಬೇರೆ ದಾರಿಯಿಲ್ಲದೆ ಅವನು ಗೊಣಗುತ್ತ ಚೊಂಬಿನಲ್ಲಿ ನೀರು ಹೊಯ್ದ, ನಾನು ಜರಡಿ ಅಲ್ಲಾಡಿಸಿದೆ. "ಇದೂ ಒಂದು ತೊಳೆಯೋದಾ? ಮಗೂಗೆ ಸ್ನಾನ ಮಾಡಿಸ್ದಂಗೆ!" ಅಂದ. ಹಾಗೆಯೇ ಮಾಡು ಅಂದೆ.

ಜರಡಿಯಲ್ಲಿ ಉಳಿದ ಒಂದು ಕೊಳವೆಯನ್ನು ಬಿಳಿ ತಟ್ಟೆಯ ನೀರಿನಲ್ಲಿ ಇಟ್ಟು ಕಾದೆವು. ಸ್ವಲ್ಪ ಹೊತ್ತಿಗೆ ಹುಳು ತಲೆ ಹೊರಗೆ ಹಾಕಿತು. ನವಿರಾದ ಎಳೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಚಿಕ್ಕಪ್ಪ ಬಗ್ಗಿ ನೋಡಿದ.

"ಇದಕ್ಕೆ ಮುಖ ಇದೆಯಲ್ಲೇ!"

"ಇಲ್ದೆ ಏನು? ಇದನ್ನೇ ನಾವು ಎಣಿಸೋದು. ಹೋದ ಸಲ ಮೂರೇ ಸಿಕ್ಕಿದ್ದು. ಬರೀ ಬಾಲ."

ಅವನು ಮೂತಿಯಿಲ್ಲದ ಪೈಪನ್ನೊಮ್ಮೆ ನೋಡಿದ, ತಟ್ಟೆಯನ್ನೊಮ್ಮೆ ನೋಡಿದ. ಆಮೇಲೆ ದಡ ಸೇರುವವರೆಗೂ ಮೂತಿಯ ಸುದ್ದಿ ಎತ್ತಲಿಲ್ಲ. ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಅದೇ ರಾತ್ರಿ ಲ್ಯಾಬಿನಲ್ಲಿ ಕೂತು ಎಣಿಸಿದೆ: ತಲೆ ಮುನ್ನೂರ ತೊಂಬತ್ತೇಳು. ಮೇಡಮ್ ತಾವೇ ಕೂತು ಎರಡನೇ ಸಲ ಎಣಿಸಿದರು. ಶುಕ್ರವಾರ ಸಮಿತಿಯವರು ಹೂಳಿಗೆ ಬೇರೆ ಜಾಗ ನೋಡಿ ಅಂದರು. ನನಗೆ ಕಣ್ಣಲ್ಲಿ ನೀರೇ ಬಂತು, ಸುಳ್ಳು ಯಾಕೆ ಹೇಳಲಿ. ಓಡಿಹೋಗಿ ಸುದ್ದಿ ಹೇಳಿದರೆ ಚಿಕ್ಕಪ್ಪ ಎದೆಯುಬ್ಬಿಸಿ, "ತೊಳೆದಿದ್ದು ಯಾರು ಅಂದ್ಕೊಂಡೆ?" ಅಂದ. ಅವನು ಅತ್ತ ತಿರುಗಿದಾಗ ಹಿತ್ತಾಳೆ ಮೂತಿಯನ್ನು ಒರೆಸಿ ಪಂಪಿನ ಪಕ್ಕದಲ್ಲೇ ಇಟ್ಟು ಬಂದೆ.

ಸೋಮವಾರ ಲ್ಯಾಬಿಗೆ ಬಂದರೆ ನನ್ನ ಮೇಜಿನ ಮೇಲೆ ಒಂದು ಬಾಟಲಿ. ಚೆನ್ನಾಗಿ ತಿಕ್ಕಿ ತೊಳೆದದ್ದು, ಕಲೆಯ ಗುರುತೂ ಇಲ್ಲ. ಒಳಗೆ ಆ ಮೂತಿ. ಹೊರಗೆ ನಾವು ಹುಳುಗಳ ಬಾಟಲಿಗೆ ಅಂಟಿಸುವ ಚೀಟಿ, ಪೆನ್ಸಿಲಿನಲ್ಲಿ ಚಿಕ್ಕಪ್ಪನ ಗುಂಡು ಅಕ್ಷರ:

"ಜಾಗ ಏಳು. ತಲೆ ಕಡಿಯೋ ಪ್ರಾಣಿ. ಸಂಖ್ಯೆ ಒಂದು. ಮತ್ತೆ ನೀರಿಗೆ ಬಿಡಬೇಡ. ಕಳ್ಳಿ, ಊಟದ ಡಬ್ಬಿ ಅಷ್ಟೊಂದು ಸದ್ದು ಮಾಡುತ್ತೇನೇ?"